ನೋಡುವ ಎಂದರೆ ಇಲ್ಲ

ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಯಾರೂ ಯಾರಿಗೂ “ಇಲ್ಲ” ಎನ್ನುವುದಿಲ್ಲ. ಅಂಗಡಿಯಲ್ಲಿ ಸಕ್ಕರೆ ಮುಗಿದಿದ್ದರೆ ಇಲ್ಲ ಎಂದಾರು, ಅಷ್ಟೇ. ಮನುಷ್ಯ ಮನುಷ್ಯನಿಗೆ ಆಗುವುದಿಲ್ಲ ಎಂದು ಹೇಳಬೇಕಾದಾಗ ನಮ್ಮಲ್ಲಿ ಬೇರೆಯೇ ಶಬ್ದ ಉಂಟು. “ನೋಡುವ.” ಮದುವೆಗೆ ಖಂಡಿತ ಬರಬೇಕು ಎಂದು ಕರೆದರೆ “ನೋಡುವ”. ಬರುವುದಿಲ್ಲ ಎಂದರ್ಥ. ಹುಡುಗಿಯ ಜಾತಕ ಕೊಟ್ಟುಹೋದವರಿಗೆ “ನೋಡುವ”. ಬೇರೆ ಕಡೆ ವಿಚಾರಿಸಿಕೊಳ್ಳಿ ಎಂದರ್ಥ. ಅಡಿಕೆಗೆ ಮದ್ದು ಬಿಡುವುದಕ್ಕೆ ಮರ ಹತ್ತುವವನನ್ನು ನಾಳೆ ಬರುತ್ತೀಯಾ ಎಂದು ಕೇಳಿ, ಅವನು “ನೋಡುವ” ಎಂದರೆ ಆ ವಾರ ಅವನ ಹೆಸರನ್ನೇ ಮರೆತುಬಿಡಬೇಕು. ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರು ಮಾತ್ರ ಈ ಶಬ್ದ ಕೇಳಿ ಆಸೆ ಇಟ್ಟುಕೊಂಡು ಕಾಯುತ್ತಾರೆ, ಪಾಪ.

ನನಗೆ ಈ ಶಬ್ದ ಕಂಡರೆ ಮೈಯೆಲ್ಲ ಉರಿಯುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ ಎಂದು ಹಿರಿಯರು ಹೇಳುತ್ತಿದ್ದರು. ಅಡ್ಡಗೋಡೆಯ ದೀಪದಿಂದ ಎರಡೂ ಕಡೆಗೆ ಒಂದಿಷ್ಟು ಬೆಳಕಾದರೂ ಬೀಳುತ್ತದೆ. ಇದರಿಂದ ಅದೂ ಇಲ್ಲ. ನನ್ನ ತವರು ಸುಳ್ಯದ ಕಡೆ, ಅಲ್ಲಿಯೂ ಇದೇ ರೋಗ ಇತ್ತು. ಮದುವೆಯಾಗಿ ಪುತ್ತೂರಿನ ದರ್ಬೆಗೆ ಬಂದರೆ ಇಲ್ಲಿ ನನ್ನ ಗಂಡ ಅದರಲ್ಲಿ ಪಳಗಿದ ಕೈ. ಅಡುಗೆಮನೆಯ ಕಿಟಕಿಗೆ ಸೊಳ್ಳೆಪರದೆ ಹಾಕಿಸುವ ಎಂದು ನಾನು ಹೇಳಿದಾಗ “ನೋಡುವ” ಎಂದಿದ್ದರು. ಸೊಳ್ಳೆಗಳು ಈಗಲೂ ಅದೇ ಕಿಟಕಿಯಿಂದ ಬರುತ್ತವೆ.

ನನ್ನ ಅತ್ತೆಗೆ ಮಾತ್ರ ಆ ಶಬ್ದವನ್ನು ಯಾರೂ ಹೇಳಬೇಕಾಗಿ ಬಂದಿರಲಿಲ್ಲ. ಅವರು ಯಾರಲ್ಲಿಯೂ ಏನನ್ನೂ ಕೇಳಿದವರಲ್ಲ. ಇಚಿಲಂಪಾಡಿಯ ತೋಟದಲ್ಲಿ ಆಳುಗಳ ಜೊತೆ ತಾವೂ ಒಂದು ಆಳಾಗಿ ದುಡಿದವರು. ಅವರ ಪ್ರಪಂಚ ಅಂದರೆ ಆ ಕಡೆ ಗುಂಡ್ಯ, ಈ ಕಡೆ ಪುತ್ತೂರು. ನಡುವೆ ಒಂದು ಹೊಳೆ. ಈಗ ತೋಟವನ್ನು ಭಾವ ನೋಡಿಕೊಳ್ಳುತ್ತಾರೆ. ಅತ್ತೆಯ ಕಣ್ಣಿಗೆ ಪದೇಪದೇ ಆಸ್ಪತ್ರೆ ಬೇಕಾದ್ದರಿಂದ ಅವರು ನಮ್ಮ ಜೊತೆ ದರ್ಬೆಯಲ್ಲಿದ್ದಾರೆ.

ಕಣ್ಣಿನ ಒಳಗೆ ಒತ್ತಡ ಹೆಚ್ಚಾಗುವ ಕಾಯಿಲೆ. ಬಲಗಣ್ಣು ಹೋಗಿಯಾಗಿತ್ತು. ಹೋದದ್ದು ಅವರಿಗೇ ಗೊತ್ತಾಗಿರಲಿಲ್ಲ, ಅಥವಾ ಗೊತ್ತಿದ್ದೂ ಹೇಳಿರಲಿಲ್ಲ. ಎಡಗಣ್ಣು ಬದಿಗಳಿಂದ ಮುಚ್ಚಿಕೊಳ್ಳುತ್ತ ಬರುತ್ತಿತ್ತು. “ಹೋದದ್ದು ವಾಪಸ್ ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಲು ಮದ್ದು ಬಿಡಿ” ಎಂದು ಮಂಗಳೂರಿನ ಡಾಕ್ಟರು ಹೇಳಿದರು. ಈಗ ಅವರಿಗೆ ಎಷ್ಟು ಕಾಣುತ್ತದೆ ಎಂದು ಕೇಳಿದೆವು. ಒಂದು ಕೊಳವೆಯೊಳಗಿಂದ ನೋಡಿದ ಹಾಗೆ, ನೇರ ಎದುರಿನದ್ದು ಮಾತ್ರ ಎಂದರು.

ನನ್ನ ಗಂಡನಿಗೆ ದರ್ಬೆಯಲ್ಲಿ ಪೈಪು ಮತ್ತು ಸ್ಪ್ರಿಂಕ್ಲರಿನ ಅಂಗಡಿ. ಆ ದಿನ ಮಂಗಳೂರಿನಿಂದ ಬಂದವರೇ ಅಂಗಡಿಗೆ ಹೋಗಿ, ಒಂದು ಗೇಣಿನಷ್ಟು ಉದ್ದದ ಪಿ.ವಿ.ಸಿ. ಪೈಪಿನ ತುಂಡು ಕತ್ತರಿಸಿ, ಒಂದು ಕಣ್ಣು ಮುಚ್ಚಿ ಇನ್ನೊಂದಕ್ಕೆ ಅದನ್ನು ಹಿಡಿದು ರಸ್ತೆಗೆ ಇಳಿಯಲು ಹೋದರಂತೆ. ಸ್ಕೂಟರಿನವನೊಬ್ಬ ಬೈದು ಹೋದನಂತೆ. ಆ ತುಂಡನ್ನು ಮನೆಗೆ ತಂದು ನನ್ನ ಕೈಯಲ್ಲಿ ಕೊಟ್ಟರು. ನಾನೂ ನೋಡಿದೆ. ಗೋಡೆಯ ಗಡಿಯಾರ ಕಂಡಿತು, ಕ್ಯಾಲೆಂಡರ್ ಕಾಣಲಿಲ್ಲ. ಅತ್ತೆಯ ಮುಖ ಕಂಡಿತು, ಅವರ ಕೈಯಲ್ಲಿದ್ದ ಲೋಟ ಕಾಣಲಿಲ್ಲ. ಇಷ್ಟರಲ್ಲೇ ಈ ಹೆಂಗಸು ದಿನಾ ನನ್ನ ಜೊತೆ ಕೂತು ಬೀನ್ಸ್ ಹೆಚ್ಚುತ್ತಿದ್ದರಲ್ಲ.

ಇದಾಗಿ ಕೆಲವು ದಿನಗಳಿಗೆ, ಭಾವನ ಮಗಳು ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ನೀರಿನಿಂದ ಬೂದು ಬಣ್ಣದ ಬೆನ್ನೊಂದು ಎದ್ದು, ಬಾಗಿ, ಮತ್ತೆ ಒಳಗೆ ಹೋಗುತ್ತದೆ. ಡಾಲ್ಫಿನ್. ಪರದೆ ಸಣ್ಣದಲ್ಲವೇ, ಅತ್ತೆಯ ಕೊಳವೆಯೊಳಗೆ ಇಡೀ ಹಿಡಿಸಿತು. ಅದನ್ನೇ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದರು.

“ಇದು ಯಾವ ದೇಶದ್ದು?” ಎಂದು ಕೇಳಿದರು.

“ನಮ್ಮದೇ ಕಡಲು ಅಜ್ಜಿ. ಉಡುಪಿಯಿಂದ ಆಚೆ. ದೋಣಿಯಲ್ಲಿ ದ್ವೀಪ ಎಲ್ಲ ತೋರಿಸ್ಲಿಕ್ಕೆ ಕರ್ಕೊಂಡು ಹೋಗ್ತಾರೆ.”

ಅತ್ತೆ ಅದನ್ನು ಇನ್ನೊಮ್ಮೆ ಹಾಕಿಸಿಕೊಂಡರು. ಆಮೇಲೆ, “ನಾನು ಬಟ್ಟೆ ಒಗಿಲಿಕ್ಕೆ ಹೋಗುವಾಗ ಹೊಳೆಯಲ್ಲಿ ನೀರುನಾಯಿ ಬರ್ತಿತ್ತು. ಹೀಗೇ ಮುಳುಗಿ ಏಳುದು. ಒಗೆಯುದು ಬಿಟ್ಟು ನೋಡ್ತಾ ಕೂತರೆ ನಮ್ಮತ್ತೆ ಮೇಲಿಂದ ಕೂಗ್ತಿದ್ರು. ಒಮ್ಮೆಯೂ ಪೂರ್ತಿ ನೋಡ್ಲಿಕ್ಕೆ ಆಗ್ಲಿಲ್ಲ” ಎಂದರು. ಅದೇ ಉಸಿರಿನಲ್ಲಿ, “ಇದನ್ನೊಂದು ನೋಡ್ಬೇಕಿತ್ತು, ಕಣ್ಣು ಇರುವಾಗ” ಎಂದರು.

ನಾನು ಇವರ ಮುಖ ನೋಡಿದೆ. ಜನ್ಮದಲ್ಲಿ ಮೊದಲ ಬಾರಿ ತಾಯಿ ಒಂದು ಕೇಳಿದ್ದಾರೆ. ಮಗ ಟಿ.ವಿ.ಯಿಂದ ಕಣ್ಣು ತೆಗೆಯದೆ ಹೇಳಿದರು: “ನೋಡುವ ಅಮ್ಮ.”

ನನ್ನ ಕೋಪ ನೆತ್ತಿಗೇರಿತು. ಅತ್ತೆ ಮಲಗಲು ಹೋದ ಮೇಲೆ ಸರಿಯಾಗಿ ಹೇಳಿದೆ. “ಎಂತ ನೋಡುವ? ಯಾವಾಗ ನೋಡುವ? ನೀವು ನೋಡುವ ನೋಡುವ ಅಂತ ಕೂತ್ರೆ ಅವರು ನೋಡುದು ಯಾವುದರಲ್ಲಿ?”

“ಅಷ್ಟು ದೂರ ಕಾರಲ್ಲಿ ಕೂತು, ಮತ್ತೆ ದೋಣಿ... ಬಿದ್ದರೆ ಎಂತ ಮಾಡುದು ಮಾರಾಯ್ತಿ? ಸುಮ್ಮನೆ ಮಂಡೆಬಿಸಿ.”

“ಮಂಡೆಬಿಸಿ ನನಗಿರ್ಲಿ. ನೀವು ಕಾರು ಬಿಡಿ, ಸಾಕು.”

ಮರುದಿನವೇ ನಾನು ಫೋನ್ ಹಿಡಿದು ಕುಳಿತೆ. ಮಳೆಗಾಲಕ್ಕೆ ಹೆಚ್ಚು ದಿನ ಇರಲಿಲ್ಲ, ಮಳೆ ಶುರುವಾದರೆ ಕಡಲಲ್ಲಿ ದೋಣಿ ಬಿಡುವುದಿಲ್ಲ ಎಂದು ಕೇಳಿದ್ದೆ. ಭಾವನ ಮಗಳು ಒಂದು ನಂಬರು ಕೊಟ್ಟಿದ್ದಳು. ಮೀನಿಗೆ ಹೋಗುವ ಮನುಷ್ಯನಂತೆ, ಸ್ವಂತ ದೋಣಿಯಂತೆ, ಒಂದೊಂದೇ ಮನೆಯವರನ್ನು ದ್ವೀಪಗಳ ಕಡೆಗೆ ಕರೆದುಕೊಂಡು ಹೋಗುತ್ತಾನಂತೆ. ನಾನು ಎಲ್ಲವನ್ನೂ ವಿವರಿಸಿದೆ. ಅತ್ತೆ, ಕಣ್ಣು, ಕೊಳವೆ, ಒಂದನ್ನೂ ಬಿಡಲಿಲ್ಲ. ಅವನು ಹೂಂ ಹೂಂ ಎನ್ನುತ್ತ ಕೇಳಿದ.

“ಹಾಗಾದ್ರೆ ಡಾಲ್ಫಿನ್ ಕಾಣ್ತದಲ್ಲ?” ಎಂದು ಕೇಳಿದೆ.

“ನೋಡುವ ಅಕ್ಕಾ” ಎಂದ.

ನಾನು ಇಡೀ ರಾಮಾಯಣ ಹೇಳಿದ ಮೇಲೆ ಈ ಮಾತು. ಕಣ್ಣಿನ ತೊಂದರೆಯವರನ್ನು ಹತ್ತಿಸಿಕೊಳ್ಳಲು ಮನಸ್ಸಿಲ್ಲ, ಅದನ್ನು ಬಾಯಿ ಬಿಟ್ಟು ಹೇಳಲು ಧೈರ್ಯವಿಲ್ಲ ಎಂದುಕೊಂಡೆ. “ನೋಡುವ ಎಂತ ನೋಡುವ? ಆಗುದಿಲ್ಲಾಂದ್ರೆ ಆಗುದಿಲ್ಲಾಂತ ಹೇಳಿ” ಎಂದು ಹೇಳಿ ಫೋನ್ ಇಟ್ಟೆ. ಅವನು ಇನ್ನೂ ಏನೋ ಹೇಳುತ್ತಿದ್ದ.

ಎರಡನೆಯ ನಂಬರು ನನಗೆ ಮೊಬೈಲಿನಲ್ಲೇ ಸಿಕ್ಕಿತು. ದೊಡ್ಡ ಬೋಟಿನ ಫೋಟೊ, ಹಾರುವ ಡಾಲ್ಫಿನ್‌ಗಳ ಫೋಟೊ. ಆ ಮನುಷ್ಯನಿಗೆ ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಸಿದ್ಧ. “ನೂರಕ್ಕೆ ನೂರು ಗ್ಯಾರಂಟಿ ಮೇಡಂ. ಡಾಲ್ಫಿನ್ ಗ್ಯಾರಂಟಿ, ದ್ವೀಪ ಗ್ಯಾರಂಟಿ, ಪ್ರೈವೇಟ್ ಬೋಟ್.” ಆಹಾ, ಮಾತು ಅಂದರೆ ಇದು ಎಂದುಕೊಂಡೆ. ಇವರ ಹತ್ತಿರ, “ನೋಡಿ, ಮನುಷ್ಯ ಹೀಗಿರಬೇಕು” ಎಂದು ಹೇಳಿಯೂ ಹೇಳಿದೆ.

ಹೋಗುವ ದಿನದವರೆಗೆ ನಾನೂ ಅತ್ತೆಯೂ ಅಭ್ಯಾಸ ಮಾಡಿದೆವು. ಡಾಲ್ಫಿನ್ ಎದ್ದಾಗ ಅಲ್ಲಿ ಇಲ್ಲಿ ಎಂದು ಕೈ ತೋರಿಸಿದರೆ ಅತ್ತೆಗೆ ನನ್ನ ಕೈಯೇ ಕಾಣುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ಅವರ ಹಿಂದೆ ನಿಂತು ಗದ್ದ ಹಿಡಿದು ಮುಖವನ್ನೇ ತಿರುಗಿಸುವುದು. ನಮ್ಮ ಹಿತ್ತಿಲಿನ ಕಂಪೌಂಡಿನ ಮೇಲೆ ಒಂದು ಕುಪ್ಪುಳು ಬರುತ್ತದೆ. ಕೆಂಪು ಕಣ್ಣು, ಕಂದು ರೆಕ್ಕೆ, ಯಾವಾಗ ನೋಡಿದರೂ ಏನೋ ಕದ್ದವರ ಹಾಗೆ ನಡೆಯುವ ಹಕ್ಕಿ. ಅದು ಬಂದ ಕೂಡಲೇ ನಾನು ಗದ್ದ ತಿರುಗಿಸುತ್ತಿದ್ದೆ. ಮೊದಮೊದಲು ಅತ್ತೆಗೆ ಗೋಡೆ ಸಿಕ್ಕಿದರೆ ಹಕ್ಕಿ ಸಿಗುತ್ತಿರಲಿಲ್ಲ. ಕೆಲವೇ ದಿನಗಳಲ್ಲಿ ನಾನು ತಿರುಗಿಸುವುದೂ ಅವರು “ಸಿಕ್ಕಿತು” ಎನ್ನುವುದೂ ಒಟ್ಟಿಗೇ ಆಗತೊಡಗಿತು. “ನನ್ನ ತಲೆ ಈಗ ನಿನ್ನ ಕೈಯಲ್ಲಿ ಮಾರಾಯ್ತಿ, ಸ್ವಲ್ಪ ಮೆಲ್ಲ ತಿರುಗ್ಸು, ಸ್ಕ್ರೂ ಸಡಿಲಾದೀತು” ಎಂದು ನಗುತ್ತಿದ್ದರು.

ಒಂದು ಆದಿತ್ಯವಾರ ಬೆಳಿಗ್ಗೆ ಹೊರಟೆವು. ಮಾಣಿ ದಾಟಿ, ಬಿ.ಸಿ. ರೋಡಿನ ಧೂಳು ಕುಡಿದು, ಮಂಗಳೂರು ದಾಟಿ ಉಡುಪಿಯ ಆಚೆಗೆ ಹೋದೆವು. ಅತ್ತೆ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದರು, ತಲೆಗೆ ಅಬ್ಬಲಿಗೆ ಮುಡಿದಿದ್ದರು. ಬುತ್ತಿಯಲ್ಲಿ ಅವಲಕ್ಕಿ ಇತ್ತು. ಇವರು ದಾರಿಯುದ್ದಕ್ಕೂ ಗಾಳಿ ಜಾಸ್ತಿ ಉಂಟು, ಮೋಡ ಉಂಟು ಎನ್ನುತ್ತಿದ್ದರು. ನಾನು ಉತ್ತರ ಕೊಡಲಿಲ್ಲ.

ಹೊಳೆ ಕಡಲಿಗೆ ಸೇರುವ ಅಳಿವೆಯ ಹತ್ತಿರ ದೋಣಿ ಹತ್ತುವ ಕಟ್ಟೆ. ಗ್ಯಾರಂಟಿಯ ಬೋಟು ಅಲ್ಲೇ ಇತ್ತು. ಅದರೊಳಗೆ ಜನವೂ ಇದ್ದರು. ಯಾವುದೋ ಆಫೀಸಿನಿಂದ ಟ್ರಿಪ್ಪಿಗೆ ಬಂದ ಗಂಡಸರು, ಎಲ್ಲರೂ ಒಂದೇ ನಮೂನೆಯ ಹಳದಿ ಟೀ ಶರಟು, ಜೊತೆಗೆ ಒಂದು ಮಡಕೆಯಷ್ಟು ದೊಡ್ಡ ಸ್ಪೀಕರು.

“ಇದು ನಮಗೆ ಪ್ರೈವೇಟ್ ಅಂತ ಹೇಳಿದ್ರಲ್ಲ?” ಎಂದೆ.

“ಹೌದು ಮೇಡಂ, ಪ್ರೈವೇಟೇ” ಎಂದ ಬೋಟಿನವನು. “ಸರಕಾರದ್ದಲ್ಲ.”

ತಪ್ಪು ಅವನದ್ದೂ ಅಲ್ಲ ಎನ್ನಬೇಕು. ನಮ್ಮ ಜಿಲ್ಲೆಯಲ್ಲಿ ಪ್ರೈವೇಟ್ ಎಂದರೆ ಏನು? ಬಸ್ಸು. ಪ್ರೈವೇಟ್ ಬಸ್ಸು ಎಂದರೆ ಬಾಗಿಲಲ್ಲಿ ನೇತಾಡುವಷ್ಟು ಜನ ಆಗುವವರೆಗೆ ಹೊರಡದ ಬಸ್ಸು. ಇಷ್ಟು ವರ್ಷ ಅದರಲ್ಲೇ ಓಡಾಡಿದ ನಾನು ಫೋನಿನಲ್ಲಿ ಆ ಶಬ್ದ ಕೇಳಿ ಬೇರೆ ಏನೋ ಅರ್ಥ ಮಾಡಿಕೊಂಡಿದ್ದೆ. ಇವರು ನನ್ನ ಮುಖ ನೋಡಿ ನಗುವನ್ನು ತಡೆದುಕೊಂಡರು. ಆಗಲೇ ಇಳಿದು ವಾಪಸ್ ಬರಬಹುದಿತ್ತು. ಆದರೆ ಅತ್ತೆ ಸೀರೆಯ ನೆರಿಗೆ ಎತ್ತಿ ಹಿಡಿದು, ಹೊಳೆ ದಾಟಿ ಅಭ್ಯಾಸವಿದ್ದವರ ಹಾಗೆ ಸರಾಗವಾಗಿ ದೋಣಿಗೆ ಕಾಲಿಟ್ಟಾಗಿತ್ತು.

ಅಳಿವೆ ದಾಟಿ ಕಡಲಿಗೆ ಬಂದೆವು. ಅತ್ತೆ ನನ್ನ ಕೈ ಹಿಡಿದುಕೊಂಡು, “ನಮ್ಮ ಹೊಳೆಯ ನೀರೂ ಇದರಲ್ಲಿ ಎಲ್ಲಿಯಾದ್ರೂ ಇರ್ಬೇಕಲ್ಲ” ಎಂದರು. ಇರಬಹುದು ಎಂದೆ. ಅಷ್ಟರಲ್ಲಿ ಸ್ಪೀಕರು ಶುರುವಾಯಿತು. ಮತ್ತೆ ನಾವು ಮಾತಾಡಿದ್ದು ಒಬ್ಬರದ್ದು ಒಬ್ಬರಿಗೆ ಕೇಳಲಿಲ್ಲ. ಸ್ವಲ್ಪ ಸಣ್ಣ ಮಾಡಿ ಎಂದು ಇವರಿಂದ ಹೇಳಿಸಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಒಬ್ಬ ನನಗೂ ಒಂದು ಚಿಪ್ಸಿನ ಪ್ಯಾಕೆಟ್ ನೀಡಿದ. ಕೆಟ್ಟವರೇನಲ್ಲ, ಸಂತೋಷದಲ್ಲಿದ್ದವರು. ಅದೇ ನನಗೆ ಹೆಚ್ಚು ಸಿಟ್ಟು ಬರಿಸಿತು. ಕೆಟ್ಟವರಾದರೆ ಬೈಯಬಹುದಿತ್ತು.

ಮೊದಲನೆಯ ದ್ವೀಪ ಕಪ್ಪು ಬಂಡೆ, ಅದರ ನೆತ್ತಿಯಲ್ಲಿ ನಾಲ್ಕಾರು ಮರ. ಒಂದು ಒಣಗಿದ ಮರದ ತುದಿಯಲ್ಲಿ ದೊಡ್ಡ ಹಕ್ಕಿ ಕುಳಿತಿತ್ತು. ಬಿಳಿ ತಲೆ, ಬಿಳಿ ಹೊಟ್ಟೆ, ಬೂದು ರೆಕ್ಕೆ. ಕಡಲಗಿಡುಗ. ಅದರ ಕೆಳಗೆ ಸೌದೆಯ ಹೊರೆಯ ಹಾಗೆ ಗೂಡು. ಅದು ಅಲ್ಲಾಡದೆ ಕುಳಿತಿತ್ತು. ಅತ್ತೆಗೆ ಬೇಕಾದ್ದು ಅಲ್ಲಾಡದ ವಸ್ತು. ಗದ್ದ ಹಿಡಿದು ಮೆಲ್ಲನೆ ತಿರುಗಿಸಿದೆ. “ಮರ ಸಿಕ್ಕಿತು” ಎಂದರು. “ಮೇಲೆ ಹೋಗಿ ಅತ್ತೆ, ಮೇಲೆ.” “ಹೋಗ್ತಾ ಇದ್ದೇನೆ. ಕೊಂಬೆ... ಹಾಂ, ಎಂತದೋ ಬಿಳಿ...” ಅಷ್ಟರಲ್ಲಿ ಬೋಟು ತಿರುಗಿತು.

“ನಿಲ್ಲಿಸಿ, ಒಂದು ನಿಮಿಷ ನಿಲ್ಲಿಸಿ” ಎಂದು ಕೂಗಿದೆ.

“ಅದು ಗಿಡುಗ ಮೇಡಂ” ಎಂದ ಬೋಟಿನವನು, ನನಗೆ ಗೊತ್ತಿಲ್ಲ ಎಂಬಂತೆ. “ಡಾಲ್ಫಿನ್ ಮುಂದೆ.”

ಅವನ ಮೊಬೈಲಿಗೆ ಯಾರೋ ಸುದ್ದಿ ಕೊಟ್ಟಿದ್ದರು. ಬಂಡೆಗಳ ಆ ಬದಿಯಲ್ಲಿ ಆಗಲೇ ಮೂರು ನಾಲ್ಕು ಬೋಟುಗಳು ಸುತ್ತುತ್ತಿದ್ದವು. ನಮ್ಮದೂ ವೇಗ ಏರಿಸಿಕೊಂಡು ನುಗ್ಗಿತು. ನಾನು ಅತ್ತೆಯ ಗದ್ದ ಹಿಡಿದು ಕಾದೆ. ಎಡಗಡೆ ನೀರು ಒಡೆಯಿತು. ನಿಜವಾಗಿ ಬಂತು, ಬೂದು ಬೆನ್ನು, ಅದರ ಪಕ್ಕದಲ್ಲೇ ಇನ್ನೊಂದು ಸಣ್ಣದು, ತಾಯಿ ಮರಿ ಇರಬೇಕು. ನಾನು ಅತ್ತೆಯ ಮುಖ ತಿರುಗಿಸಿದ್ದೂ, ಹಳದಿ ಶರಟಿನವರೆಲ್ಲ ಹೋ ಎಂದು ಮೊಬೈಲು ಎತ್ತಿಕೊಂಡು ಎದ್ದು ನಿಂತದ್ದೂ ಒಟ್ಟಿಗೆ. ಅತ್ತೆಯ ಮುಖದ ನೇರ ಎದುರಿಗೆ ಒಬ್ಬನ ಬೆನ್ನು.

“ಕೂತ್ಕೊಳ್ಳಿ, ದಮ್ಮಯ್ಯ, ಕೂತ್ಕೊಳ್ಳಿ, ಇವರಿಗೆ ಕಾಣುದಿಲ್ಲ” ಎಂದು ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಇವರೂ ಎದ್ದು ಒಬ್ಬನ ಭುಜ ಹಿಡಿದು ಕೂರಿಸಿದರು. ಹಾಡಿನಲ್ಲಿ ಯಾರಿಗೂ ಕೇಳಿಸಿರಲಿಲ್ಲ, ಇವರು ಮುಟ್ಟಿದ ಮೇಲೆ ತಿಳಿಯಿತು. ಪಾಪ, ಎಲ್ಲರೂ ಕೂತರು. ಸ್ಪೀಕರನ್ನೂ ನಿಲ್ಲಿಸಿದರು. ಎದುರಿಗೆ ಬರೀ ನೀರು. ನಾವು ಆ ಕಡೆ ಈ ಕಡೆ ತುಂಬ ಸುತ್ತಿದೆವು, ಬೋಟುಗಳು ಒಂದರ ಹಿಂದೆ ಒಂದು ಓಡಿದವು. ಮರಿ ಇರುವ ತಾಯಿ ಇಷ್ಟು ಎಂಜಿನ್‌ಗಳ ನಡುವೆ ಮೇಲೆ ಬರುವಷ್ಟು ಹುಚ್ಚಿಯೇ? ನಾನೇ ಆಗಿದ್ದರೂ ಬರುತ್ತಿರಲಿಲ್ಲ.

“ಡಾಲ್ಫಿನ್ ತೋರಿಸಿ ಆಯ್ತಲ್ಲ ಮೇಡಂ” ಎಂದು ಬೋಟಿನವನು ದಡದ ಕಡೆ ತಿರುಗಿಸಿದ. ಗ್ಯಾರಂಟಿ ಮುಗಿಯಿತು.

ನಾನು ಅತ್ತೆಯ ಹತ್ತಿರ ಬಗ್ಗಿ ಕೇಳಿದೆ, “ಸ್ವಲ್ಪವಾದ್ರೂ ಕಂಡಿತಾ?”

“ಕಂಡ ಹಾಗೆ ಆಯ್ತು” ಎಂದರು. ಅದೂ ನಮ್ಮ ಊರಿನದೇ ಮಾತು. ಕಾಣಲಿಲ್ಲ ಎಂದು ಹೇಳಿದರೆ ನನಗೆ ಬೇಸರವಾದೀತು ಎಂದು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ, “ಆ ಅಂಗಿಯ ಹಳದಿ ಮಾತ್ರ ಒಳ್ಳೆ ಬಣ್ಣ” ಎಂದರು. ನನಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಕಟ್ಟೆಯಲ್ಲಿ ಇಳಿದು ಅತ್ತೆಯನ್ನು ನೆರಳಿನಲ್ಲಿ ಕೂರಿಸಿ ಅವಲಕ್ಕಿಯ ಡಬ್ಬಿ ತೆರೆದೆ. ಪಕ್ಕದಲ್ಲಿ ಒಬ್ಬ ಮನುಷ್ಯ ಸಣ್ಣ ದೋಣಿಯಿಂದ ಸಾಮಾನು ಇಳಿಸುತ್ತಿದ್ದ. ಬೆಂಗಳೂರಿನ ಕಡೆಯವರೊಬ್ಬರು ಅವನನ್ನು ಏನೋ ಕೇಳುತ್ತಿದ್ದರು. ಅವನು ತಲೆ ಎತ್ತದೆ, “ನೋಡುವ ಸಾರ್” ಎಂದ. ಆ ಸ್ವರ ನನಗೆ ಕೂಡಲೇ ಗೊತ್ತಾಯಿತು. ಎದ್ದು ಹೋದೆ.

“ನಾನು ಪುತ್ತೂರಿಂದ ಫೋನ್ ಮಾಡಿದ್ದೆ” ಎಂದೆ.

“ಗೊತ್ತಾಯ್ತು. ಅರ್ಧದಲ್ಲಿ ಫೋನ್ ಇಟ್ಟವರು” ಎಂದ. ಅವನಿಗೂ ಸಿಟ್ಟು ಇತ್ತು. “ನಾನು ಎಂತ ತಪ್ಪು ಹೇಳಿದೆ ಅಕ್ಕಾ?”

“ಡಾಲ್ಫಿನ್ ಕಾಣ್ತದಾ ಕೇಳಿದ್ದಕ್ಕೆ ನೋಡುವ ಅಂದ್ರಿ. ನಮ್ಮಲ್ಲಿ ಹಾಗಂದ್ರೆ ಇಲ್ಲಾಂತ.”

ಅವನು ಕೈಯಲ್ಲಿದ್ದ ಹಗ್ಗ ಕೆಳಗಿಟ್ಟು ನನ್ನನ್ನು ವಿಚಿತ್ರವಾಗಿ ನೋಡಿದ. “ನೋಡುವ ಅಂದ್ರೆ ಇಲ್ಲಾಂತ ಹೇಗೆ ಆಗ್ತದೆ? ನೋಡುವ ಅಂದ್ರೆ ಹೋಗಿ ನೋಡುದು. ಕಡಲಿಗೆ ಇಳಿಯುವ ಮೊದಲು ಮೀನು ಸಿಗ್ತದೆ ಅಂತ ನಾವು ಬಾಯಲ್ಲಿ ಹೇಳುದಿಲ್ಲ. ಹೇಳಿದ್ರೆ ಸಿಗುದಿಲ್ಲ. ಮಾವನ ಕಾಲದಿಂದ ಹಾಗೆ. ಎಂಜಿನ್ ನಿಲ್ಲಿಸಿ ಕಾಯುವ, ಅವೇ ಹತ್ತಿರ ಬರ್ತಾವೆ, ಅಮ್ಮನಿಗೆ ಕಾಣುವ ತನಕ ನಾನು ವಾಪಸ್ ಬರುದಿಲ್ಲ ಅಂತ ಹೇಳ್ಲಿಕ್ಕೆ ಹೊರಟಿದ್ದೆ. ನೀವು ಕಟ್ ಮಾಡಿದ್ರಿ.”

ನಮ್ಮ ಮನೆಯಿಂದ ಅಲ್ಲಿಗೆ ಅರ್ಧ ದಿನದ ದಾರಿಯೂ ಅಲ್ಲ. ಅದೇ ಕನ್ನಡ, ಅದೇ ಉಂಟು, ಅದೇ ಎಂತ, ಅದೇ ನೋಡುವ. ಅರ್ಥ ಮಾತ್ರ ಎಲ್ಲೋ ದಾರಿಯಲ್ಲಿ, ಪಾಣೆಮಂಗಳೂರಿನ ಸೇತುವೆಯ ಹತ್ತಿರ, ತಲೆಕೆಳಗಾಗಿದೆ. ನನಗೆ ಅವನ ಮೇಲೆ, ನಮ್ಮ ಊರಿನ ಮೇಲೆ, ಆ ಹಳದಿ ಶರಟಿನ ಮೇಲೆ, ಎಲ್ಲದರ ಮೇಲೆ ಸಿಟ್ಟು ಬಂತು.

“ಈಗ ಹೋಗುವಾ?” ಎಂದು ಕೇಳಿದೆ.

ಅವನು ಕಡಲ ಕಡೆ ನೋಡಿದ. ಅಲೆಗಳ ತುದಿ ಬಿಳಿಯಾಗತೊಡಗಿತ್ತು. “ಗಾಳಿ ಎದ್ದಿದೆ. ಪ್ರಾಯ ಆದವರನ್ನು ಹತ್ತಿಸಿಕೊಂಡು ಹೋಗ್ಲಿಕ್ಕೆ ಆಗುದಿಲ್ಲ. ಈ ವರ್ಷದ್ದು ಇಷ್ಟೇ ಅಕ್ಕಾ, ನಾಳೆಯಿಂದ ದೋಣಿ ಮೇಲೆ ಎಳೆಯುದು. ಚೌತಿ ಕಳೆದು ಬನ್ನಿ.” ಅವನು ಆಗುವುದಿಲ್ಲ ಎಂದು ನೇರವಾಗಿಯೇ ಹೇಳಿದ್ದ.

ಆ ವರ್ಷದ ಮಳೆಗಾಲವನ್ನು ನಾನು ಹಲ್ಲು ಕಚ್ಚಿಕೊಂಡು ಕಳೆದೆ. ಮಳೆ ಬಂದರೂ ಸಿಟ್ಟು, ಮಳೆ ಬಿಟ್ಟು ಹೊಳವಾದರೂ ಸಿಟ್ಟು. ಹೊಳವಾದ ದಿನ ಇವತ್ತು ದೋಣಿ ಹೋಗಬಹುದಿತ್ತಲ್ಲ ಎಂದು ಸಿಟ್ಟು. ಅತ್ತೆಗೆ ಮೂರು ಹೊತ್ತು ಮದ್ದು ಬಿಡುತ್ತಿದ್ದೆ. ಡಾಕ್ಟರಿಗೆ ತೋರಿಸಲು ಹೋಗುವ ಎಂದರೆ ಅವರು ಮಳೆ ಬಿಡಲಿ, ರಸ್ತೆ ಸರಿಯಿಲ್ಲ ಎನ್ನುತ್ತಿದ್ದರು. ರಸ್ತೆ ಸರಿಯಿಲ್ಲದ್ದು ನಿಜವೇ ಆಗಿದ್ದರಿಂದ ನಾವೂ ಒಪ್ಪಿದೆವು. ಮಳೆ ನಿಂತ ಹೊತ್ತಿನಲ್ಲಿ ಕುಪ್ಪುಳುವಿನ ಅಭ್ಯಾಸ ಮಾತ್ರ ಬಿಟ್ಟಿರಲಿಲ್ಲ. ಅತ್ತೆ ಎಷ್ಟು ಚುರುಕಾಗಿದ್ದರೆಂದರೆ ನಾನು ಗದ್ದ ಮುಟ್ಟಿದ ಕೂಡಲೇ “ಸಿಕ್ಕಿತು” ಎನ್ನುತ್ತಿದ್ದರು. ಒಂದು ದಿನ ನಾನು ಮುಖ ತಿರುಗಿಸುವಷ್ಟರಲ್ಲಿ ಹಕ್ಕಿ ಹಾರಿಹೋಗಿ ಗೋಡೆ ಖಾಲಿಯಾಗಿತ್ತು. ಆಗಲೂ “ಸಿಕ್ಕಿತು” ಎಂದರು. ಹಾರುವ ಮೊದಲೇ ನೋಡಿರಬೇಕು, ಭಾರಿ ಬೇಗ ಅತ್ತೆಯದ್ದು ಎಂದುಕೊಂಡು ನಾನು ಖುಷಿಪಟ್ಟೆ.

ಚೌತಿ ಕಳೆಯಿತು, ನವರಾತ್ರಿಯೂ ಕಳೆಯಿತು. ನಾನು ದೋಣಿಯವನಿಗೆ ಫೋನ್ ಮಾಡಿದೆ. ಕಡಲು ಶಾಂತ ಉಂಟು, ಬರುವ ಆದಿತ್ಯವಾರ ಬರುವುದಾದರೆ ಬೇರೆ ಯಾರಿಗೂ ಹೇಳುವುದಿಲ್ಲ, ಅಮ್ಮನಲ್ಲಿ ಕೇಳಿ ತಿಳಿಸಿ ಎಂದ. ಮಧ್ಯಾಹ್ನ ಇವರು ಊಟಕ್ಕೆ ಬಂದಾಗ ವಿಷಯ ಹೇಳಿದೆ. ಇವರ ಬಾಯಿಂದ ಬರುವ ಶಬ್ದಕ್ಕೆ ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ. ಇವರು ಕೈ ತೊಳೆದು ಬಂದು ಅತ್ತೆಯ ಎದುರಿಗೆ ಕುಳಿತರು.

“ಅಮ್ಮ, ಆದಿತ್ಯವಾರ ಹೋಗುವ. ಅಂಗಡಿಗೆ ಬಾಗಿಲು ಹಾಕ್ತೇನೆ” ಎಂದರು.

ಮದುವೆಯಾದ ಮೇಲೆ ಈ ಮನುಷ್ಯನ ಬಾಯಲ್ಲಿ ಇಷ್ಟು ನೇರವಾದ ಮಾತು ನಾನು ಕೇಳಿದ್ದು ಅದೇ ಮೊದಲು. ನಾನು ಅತ್ತೆಯ ಮುಖ ನೋಡಿದೆ, ಅವರು ಎಷ್ಟು ಖುಷಿಪಡುತ್ತಾರೆ ಎಂದು.

ಅತ್ತೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡರು. “ನೋಡುವ ಮಗಾ” ಎಂದರು.

ನನಗೆ ತಡೆಯಲಾಗಲಿಲ್ಲ. ಇಷ್ಟು ತಿಂಗಳು ಕಾದ ಮೇಲೆ, ಇವರನ್ನು ಒಪ್ಪಿಸಿದ ಮೇಲೆ, ಅತ್ತೆಯದ್ದೂ ಅದೇ ಶಬ್ದ. “ನೀವೂ ಅದನ್ನೇ ಹೇಳ್ತೀರಾ ಅತ್ತೆ? ನೋಡುವ ಎಂತ ನೋಡುವ? ಆಗುದಿಲ್ಲಾಂದ್ರೆ ಆಗುದಿಲ್ಲಾಂತ ಹೇಳಿ.”

ಅತ್ತೆ ನನ್ನ ಸ್ವರ ಬಂದ ಕಡೆಗೆ ಮುಖ ತಿರುಗಿಸಿದರು. ನಾನು ಮಾತು ಮುಗಿಸಿ ಅನ್ನದ ಪಾತ್ರೆ ತರಲು ಅಷ್ಟರಲ್ಲೇ ಆಚೆಗೆ ಸರಿದಿದ್ದೆ. ಅವರು ಖಾಲಿ ಬಾಗಿಲನ್ನು ನೋಡಿಕೊಂಡು ಹೇಳಿದರು:

“ಕಾಣುದಿಲ್ಲ ಮಗಾ. ಆಟಿ ತಿಂಗಳಿಂದಲೇ, ಆ ಜೋರು ಮಳೆ ಇರುವಾಗಿಂದಲೇ ಎಂತದೂ ಕಾಣುದಿಲ್ಲ.”

ಜನ್ಮವಿಡೀ ನಾನು ನೇರ ಮಾತು ಬೇಕು, ನೇರ ಮಾತು ಬೇಕು ಎಂದು ಕೂಗಾಡಿದವಳು. ಸಿಕ್ಕಿತು. ಇವರು ಬಟ್ಟಲಿನಲ್ಲಿ ಕೈ ಇಟ್ಟುಕೊಂಡು ಹಾಗೆಯೇ ಕುಳಿತಿದ್ದರು. ಯಾರೂ ಊಟ ಮಾಡಲಿಲ್ಲ. ಮತ್ತೆ ಅತ್ತೆಯೇ, “ನೀನು ಗೋಡೆ ಹತ್ರ ಹಕ್ಕಿ ತೋರಿಸ್ಲಿಕ್ಕೆ ಅಷ್ಟು ಕಷ್ಟಪಡ್ತಿದ್ದೆ, ಹೇಗೆ ಹೇಳುದು? ದೋಣಿಯವನಿಗೆ ಒಂದು ಫೋನ್ ಮಾಡಿ ಹೇಳು. ಪಾಪ, ಸುಮ್ಮನೆ ಕಾಯುದು ಬೇಡ” ಎಂದರು.

ಹಿತ್ತಿಲಿಗೆ ಹೋಗಿ ಫೋನ್ ಮಾಡಿದೆ. ಅವನು ಎತ್ತಿದ ಕೂಡಲೇ, “ಹಾಂ ಅಕ್ಕಾ, ಬರ್ತೀರಲ್ಲ?” ಎಂದ. ಹಿಂದಿನಿಂದ ಗಾಳಿಯ ಸದ್ದು ಕೇಳುತ್ತಿತ್ತು. ಇಲ್ಲ ಎಂದು ಹೇಳಲು ಬಾಯಿ ತೆರೆದೆ. ಅತ್ತೆಗೆ ಕಾಣುವುದಿಲ್ಲ, ಇನ್ನು ಬರುವುದಿಲ್ಲ, ಎರಡೇ ಮಾತು. ಬರಲಿಲ್ಲ.

“ನೋಡುವ” ಎಂದೆ.

“ಆಯ್ತು ಅಕ್ಕಾ” ಎಂದ ಅವನು ಖುಷಿಯಿಂದ. “ಹಾಗಾದ್ರೆ ಆದಿತ್ಯವಾರ ಬೆಳಿಗ್ಗೆ ದೋಣಿ ತೊಳೆದು ಇಟ್ಟಿರ್ತೇನೆ.”